ಹಳೆ ಜೀಪು, ಹಳೆ ಕಾರಿಗೆ ಹೊಂದುವ ವಾಟರ್ ಪಂಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹಳೆ ಗಾಡಿಗಳು ಶೆಡ್‌ನಲ್ಲಿ ಸುಮ್ನೆ ನಿಂತಿಲ್ಲ. ತೋಟದ ಜೀಪು ಇನ್ನೂ ಗೊಬ್ಬರ ಹೊರುತ್ತದೆ, ಕೆಲಸದವರನ್ನು ಕರೆತರುತ್ತದೆ, ಕೊಯ್ಲಿನ ಸಮಯದಲ್ಲಿ ಕಾಫಿ ಚೀಲ ಸಾಗಿಸುತ್ತದೆ. ಇಂಥ ಗಾಡಿಯ ವಾಟರ್ ಪಂಪ್, ಅಂದರೆ ಎಂಜಿನ್ ತಂಪಾಗಿಡಲು ನೀರು ತಿರುಗಿಸುವ ಪಂಪ್, ಹೋದಾಗ ಅಂಗಡಿಯಲ್ಲಿ "ಜೀಪ್ ಪಂಪ್ ಕೊಡಿ" ಎಂದು ಕೇಳಿ ತರುತ್ತಾರೆ. ತಂದದ್ದು ಕೂರುವುದಿಲ್ಲ. ಕೂತರೂ ಬೆಲ್ಟ್ ಓರೆಯಾಗುತ್ತದೆ, ಇಲ್ಲವೇ ಫ್ಯಾನ್ ರೇಡಿಯೇಟರ್‌ಗೆ ತಾಗುತ್ತದೆ. ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು ಎಂಬುದು ಇಲ್ಲಿದೆ.

ನನ್ನದು 1970ರ ದಶಕದ ಜೀಪು. ಯಾವ ಪಂಪ್ ಬೇಕು?

ಈ ಪ್ರಶ್ನೆಗೆ ಹೀಗೆ ಉತ್ತರ ಹೇಳಲು ಆಗುವುದಿಲ್ಲ. ಪಂಪ್ ಹೊಂದುವುದು ಎಂಜಿನ್‌ಗೆ, ಗಾಡಿಗಲ್ಲ. ಆರ್‌ಸಿ ಪುಸ್ತಕದಲ್ಲಿ ಇರುವ ವರ್ಷ ಚಾಸಿಯ ವರ್ಷ. ನಮ್ಮ ಕಡೆಯ ಎಷ್ಟೋ ಪೆಟ್ರೋಲ್ ಜೀಪುಗಳಿಗೆ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಬಾನೆಟ್ ಮೇಲೆ ವಿಲ್ಲೀಸ್ ಅಂತ ಇರುತ್ತದೆ, ಒಳಗೆ ಇರುವುದು ಬೇರೆಯೇ. ಅಜ್ಜನ ಕಾಲದಲ್ಲಿ ಎಂಜಿನ್ ಬದಲಾಗಿದ್ದರೆ ಮನೆಯವರಿಗೇ ನೆನಪಿರುವುದಿಲ್ಲ. ಹಾಗಾಗಿ ಮೊದಲು ಬಾನೆಟ್ ಎತ್ತಿ ನೋಡಿ, ಆಮೇಲೆ ಅಂಗಡಿಗೆ ಫೋನ್ ಮಾಡಿ.

ಯಾವ ಎಂಜಿನ್ ಅಂತ ಗುರುತಿಸುವುದು ಹೇಗೆ?

ಸ್ಪಾರ್ಕ್ ಪ್ಲಗ್, ಡಿಸ್ಟ್ರಿಬ್ಯೂಟರ್ ಇದ್ದರೆ ಪೆಟ್ರೋಲ್. ವಿಲ್ಲೀಸ್ ಮೂಲದ ಪೆಟ್ರೋಲ್ ಎಂಜಿನ್‌ಗಳಲ್ಲಿ ಎರಡು ಬಗೆ ಮುಖ್ಯ. ಮೊದಲನೆಯದು ಎರಡನೇ ಮಹಾಯುದ್ಧದ ಜೀಪಿನಲ್ಲಿ ಇದ್ದ ಎಲ್-ಹೆಡ್. ಇದಕ್ಕೆ ಗೋ ಡೆವಿಲ್ ಎಂಬ ಹೆಸರೂ ಇದೆ. ಇದರ ಹೆಡ್ ಚಪ್ಪಟೆ, ಪ್ಲಗ್‌ಗಳು ಮೇಲಿನಿಂದ ನೇರ ಇಳಿಯುತ್ತವೆ. ಎರಡನೆಯದು ಹರಿಕೇನ್ ಎಂದು ಕರೆಯುವ ಎಫ್-ಹೆಡ್. ಇದರಲ್ಲಿ ಇನ್‌ಲೆಟ್ ವಾಲ್ವ್‌ಗಳು ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್‌ಗಳು ಬ್ಲಾಕ್‌ನಲ್ಲಿ ಇರುತ್ತವೆ. ತಲೆ ಮೇಲೆ ವಾಲ್ವ್ ಕವರ್ ಕಾಣುತ್ತದೆ, ಕಾರ್ಬ್ಯುರೇಟರ್ ಕೂಡ ಮೇಲೇ ಕೂತಿರುತ್ತದೆ. ಈ ಎತ್ತರದ ಎಂಜಿನ್ ಹಿಡಿಸಲೆಂದೇ 1953ರಲ್ಲಿ ಬಂದ ಸಿಜೆ-3ಬಿ ಜೀಪಿನ ಬಾನೆಟ್ ಎತ್ತರ ಮಾಡಿದರು. ಮಹೀಂದ್ರ ನಮ್ಮಲ್ಲಿ ವರ್ಷಗಟ್ಟಲೆ ತಯಾರಿಸಿದ್ದು ಇದೇ ಎತ್ತರ ಬಾನೆಟ್ಟಿನ ಜೀಪು. ಎರಡೂ ಎಂಜಿನ್ 134 ಘನ ಇಂಚು, ಅಂದರೆ ಸುಮಾರು 2.2 ಲೀಟರ್.

ಡೀಸೆಲ್ ಆಗಿದ್ದರೆ ಇನ್ನೂ ಹುಷಾರಾಗಿ ನೋಡಬೇಕು. ಮಹೀಂದ್ರದ ಎಂಎಂ 540 ಜೀಪಿನಲ್ಲಿ ಹೆಚ್ಚಾಗಿ ಸಿಗುವ ಎಕ್ಸ್‌ಡಿಪಿ 4.90 ಎಂಜಿನ್ ಪೆಜೋ ಮೂಲದ್ದು, 2112 ಸಿಸಿ. ಎಂಡಿಐ 3200 ಎಂಜಿನ್ 2523 ಸಿಸಿ, ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ವಂಶದ್ದು. ಇವೆರಡರ ವಾಟರ್ ಪಂಪ್‌ಗೂ ಒಂದಕ್ಕೊಂದು ಸಂಬಂಧವೇ ಇಲ್ಲ. "ಮಹೀಂದ್ರ ಡೀಸೆಲ್ ಪಂಪ್" ಎಂದು ಕೇಳಿದರೆ ಅಂಗಡಿಯವರು ಜಾಸ್ತಿ ಓಡುವ ಮಾಲನ್ನು ಕೊಡುತ್ತಾರೆ. ಅದು ನಿಮ್ಮದೇ ಆಗಬೇಕೆಂದಿಲ್ಲ, ಅಲ್ವಾ?

ಬ್ಲಾಕ್ ಮೇಲಿನ ಎಣ್ಣೆ, ಮಣ್ಣನ್ನು ಡೀಸೆಲ್ ಬಟ್ಟೆಯಿಂದ ಒರೆಸಿ. ಎಂಜಿನ್ ನಂಬರ್, ಎರಕದಲ್ಲಿ ಮೂಡಿರುವ ಅಕ್ಷರ, ಪಂಪ್ ಬಾಡಿ ಮೇಲಿನ ನಂಬರ್, ಮೂರರದ್ದೂ ಫೋಟೋ ತೆಗೆದುಕೊಳ್ಳಿ.

ಎಲ್-ಹೆಡ್ ಪಂಪ್ ಎಫ್-ಹೆಡ್‌ಗೆ ಆಗುತ್ತದೆಯಾ?

ಆಗುತ್ತದೆ. 134ರ ಎರಡೂ ಎಂಜಿನ್‌ಗಳಿಗೆ ಒಂದೇ ಪಂಪ್ ಬಾಡಿ ಕೂರುತ್ತದೆ. ಹಳೆ ಗಾಡಿ ಇಟ್ಟುಕೊಂಡವರಿಗೆ ಇದು ದೊಡ್ಡ ಅನುಕೂಲ. ಆದರೆ ಪುಲ್ಲಿ ನೋಡಿಕೊಳ್ಳಿ. ಒಂದು ಗಾಡಿಯ ಪುಲ್ಲಿಯಲ್ಲಿ ಒಂದೇ ಬೆಲ್ಟಿನ ತೋಡು ಇರಬಹುದು, ಇನ್ನೊಂದರಲ್ಲಿ ಎರಡು. ಹಳೆಯ ಅಗಲ ಬೆಲ್ಟ್ ಇದ್ದ ಜೀಪಿಗೆ ಈಗಿನ ಸಣ್ಣ ಬೆಲ್ಟ್ ಹಾಕಿದರೆ ಅದು ತೋಡಿನ ತಳಕ್ಕೆ ಇಳಿದು ಜಾರುತ್ತದೆ. ಬೆಲ್ಟ್ ಹಿಡಿಯಬೇಕಾದ್ದು ತೋಡಿನ ಎರಡು ಪಕ್ಕದ ಗೋಡೆಯಲ್ಲಿ, ತಳದಲ್ಲಲ್ಲ.

ಅಂಬಾಸಿಡರ್, ಪದ್ಮಿನಿಯಲ್ಲೂ ಇದೇ ಗೊಂದಲ ಇದೆಯಾ?

ಇದೆ. ಅಂಬಾಸಿಡರ್‌ನ ರೂಪ ಹೆಚ್ಚು ಬದಲಾಗಲಿಲ್ಲ, ಎಂಜಿನ್ ಮಾತ್ರ ಬದಲಾಗುತ್ತ ಹೋಯಿತು. ಮೊದಲಿನ ಗಾಡಿಗಳಲ್ಲಿ 1476 ಸಿಸಿ ಸೈಡ್ ವಾಲ್ವ್. ಆಮೇಲೆ ಬಹಳ ಕಾಲ ಬಿಎಂಸಿ ಬಿ-ಸೀರೀಸ್‌ನ 1489 ಸಿಸಿ, ಅದರಲ್ಲೇ ಪೆಟ್ರೋಲ್, ಡೀಸೆಲ್ ಎರಡೂ. 1990ರ ದಶಕದಲ್ಲಿ 1817 ಸಿಸಿ ಇಸುಜು ಪೆಟ್ರೋಲ್. 1995 ಸಿಸಿ ಇಸುಜು ಡೀಸೆಲ್ ಕೂಡ ಉಂಟು. ಇಸುಜು ಪಂಪ್ 1489ಕ್ಕೆ ಬರುವುದಿಲ್ಲ.

ಕೆಲವರು ಹೊರದೇಶದಿಂದ ಬ್ರಿಟನ್ನಿನ ಹಳೆ ಎಂಜಿಎ ಕಾರಿನ ಪಂಪ್ ತರಿಸಲು ಯೋಚಿಸುತ್ತಾರೆ, ಅದರಲ್ಲೂ 1489 ಸಿಸಿ ಬಿ-ಸೀರೀಸ್ ಇತ್ತಲ್ಲ ಎಂದು. ವಂಶ ಒಂದೇ, ನಿಜ. ಆದರೆ ಪಂಪಿನ ಮೂತಿಯ ಉದ್ದ, ಪುಲ್ಲಿ ಹಬ್, ಫ್ಯಾನ್ ಹಿಡಿಸುವ ಜಾಗ ಗಾಡಿಯಿಂದ ಗಾಡಿಗೆ ಬೇರೆಯಾಗಬಹುದು. ಅಳತೆ ತಾಳೆಯಾಗದೆ ಆರ್ಡರ್ ಮಾಡಬೇಡಿ.

ಪದ್ಮಿನಿಯಲ್ಲಿ ಸಾಮಾನ್ಯವಾಗಿ ಇರುವುದು ಫಿಯೆಟ್ ಮೂಲದ 1089 ಸಿಸಿ ಪೆಟ್ರೋಲ್. 137ಡಿ ಡೀಸೆಲ್ ಗಾಡಿಯದು 1366 ಸಿಸಿಯ ಬೇರೆ ಎಂಜಿನ್. ಡೀಸೆಲ್ ಎಂಬ ಮಾತನ್ನು ಫೋನಿನಲ್ಲೇ ಮೊದಲು ಹೇಳಿಬಿಡಿ.

ಅಂಗಡಿ ಕೌಂಟರ್ ಮೇಲೆ ಹಳೆಯದು, ಹೊಸದು ಎರಡೂ ಇವೆ. ಏನೇನು ಹೋಲಿಸಬೇಕು?

ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಒಂದು ವರ್ನಿಯರ್, ಒಂದು ಸ್ಟೀಲ್ ಸ್ಕೇಲ್ ಜೊತೆಗಿರಲಿ. ಹಳೆ ಪಂಪ್ ಬಿಚ್ಚದೆ ಹೊಸದನ್ನು ಕೊಳ್ಳಲು ಹೋಗಬೇಡಿ.

ಮೊದಲು ಬ್ಲಾಕ್‌ಗೆ ಕೂರುವ ಮುಖ. ಹಳೆ ಪಂಪಿನ ಮುಖವನ್ನು ಬಿಳಿ ಹಾಳೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಬೋಲ್ಟ್ ತೂತು, ನೀರಿನ ದಾರಿ ಎಲ್ಲ ಗುರುತು ಮಾಡಿ. ಹೊಸದನ್ನು ಅದರ ಮೇಲಿಡಿ. ಬೋಲ್ಟ್ ತೂತು ಕೂಡಿದರೆ ಸಾಲದು, ನೀರಿನ ದಾರಿಯೂ ಕೂಡಬೇಕು. ದಾರಿಯ ಅರ್ಧ ಮುಚ್ಚಿದರೂ ಪಂಪ್ ಕೂತಂತೆಯೇ ಕಾಣುತ್ತದೆ, ಎಂಜಿನ್ ಮಾತ್ರ ಏರಿನಲ್ಲಿ ಬಿಸಿಯಾಗುತ್ತದೆ.

ಆಮೇಲೆ ಮೂತಿಯ ಉದ್ದ. ಬ್ಲಾಕ್ ಮುಖದಿಂದ ಪುಲ್ಲಿ ಕೂರುವ ಹಬ್‌ನ ಮುಖದವರೆಗೆ ಅಳೆಯಿರಿ. ಈ ಒಂದು ಅಳತೆ ತಪ್ಪಿದರೆ ಎರಡು ತೊಂದರೆ. ಕ್ರ್ಯಾಂಕ್ ಪುಲ್ಲಿ, ಡೈನಮೋ ಪುಲ್ಲಿ, ಪಂಪ್ ಪುಲ್ಲಿ ಮೂರೂ ಒಂದೇ ಗೆರೆಯಲ್ಲಿ ಇರುವುದಿಲ್ಲ, ಬೆಲ್ಟ್ ಒಂದು ಪಕ್ಕ ತಿಂದುಹೋಗುತ್ತದೆ. ಹಳೆ ಗಾಡಿಗಳಲ್ಲಿ ಫ್ಯಾನ್ ಕೂಡ ಪಂಪಿನ ಮೇಲೇ ಇರುವುದರಿಂದ ಅದು ರೇಡಿಯೇಟರ್ ಕಡೆ ಸರಿಯುತ್ತದೆ. ಹಳ್ಳದ ದಾರಿಯಲ್ಲಿ ಎಂಜಿನ್ ಅಲ್ಲಾಡಿದಾಗ ರೆಕ್ಕೆ ತಾಗಿ ರೇಡಿಯೇಟರ್ ಸೀಳಿದ ಜೀಪುಗಳನ್ನು ನೋಡಿದ್ದೇನೆ. ಬೆಟ್ಟದ ದಾರಿಗೆ ಹೋಗುವ ಗಾಡಿಯಲ್ಲಿ ಈ ಸಂದಿ ಧಾರಾಳವಾಗಿರಬೇಕು.

ಮೂರನೆಯದು ಇಂಪೆಲ್ಲರ್, ಅಂದರೆ ಒಳಗೆ ನೀರು ತಳ್ಳುವ ಚಕ್ರ. ಅಡ್ಡಗಲ, ರೆಕ್ಕೆಯ ಎತ್ತರ ಎರಡೂ ಹಳೆಯದಕ್ಕೆ ಹತ್ತಿರ ಇರಬೇಕು. ಚಕ್ರಕ್ಕೂ ಅದರ ಎದುರಿನ ಗೋಡೆಗೂ ನಡುವೆ ಸಣ್ಣ ಸಂದಿ ಇರುತ್ತದೆ. ಹಲವು ಹಳೆ ಪಂಪ್‌ಗಳಲ್ಲಿ ಇದು ಅರ್ಧದಿಂದ ಒಂದು ಮಿಲಿಮೀಟರ್ ಅಷ್ಟೇ. ಸಂದಿ ಜಾಸ್ತಿಯಾದರೆ ನೀರು ಮುಂದೆ ಹೋಗದೆ ಅಲ್ಲೇ ಸುತ್ತುತ್ತದೆ. ಕಡಿಮೆಯಾದರೆ ಉಜ್ಜುತ್ತದೆ. ರೆಕ್ಕೆಯ ಮೇಲೆ ಮಕ್ಕಳ ಕ್ಲೇ ಸ್ವಲ್ಪ ಅಂಟಿಸಿ, ಪ್ಯಾಕಿಂಗ್ ಸಮೇತ ಪಂಪ್ ಕೂರಿಸಿ, ತೆಗೆದು, ಕ್ಲೇ ಎಷ್ಟು ದಪ್ಪ ಉಳಿದಿದೆ ನೋಡಿದರೆ ಸಂದಿ ಗೊತ್ತಾಗುತ್ತದೆ.

ಕೊನೆಗೆ ಹೋಸ್ ಕಟ್ಟುವ ಬಾಯಿಗಳು. ಎಷ್ಟಿವೆ, ಯಾವ ಕಡೆ ತಿರುಗಿವೆ, ಅಡ್ಡಗಲ ಎಷ್ಟು. ಹೊಸ ಪಂಪಿನಲ್ಲಿ ಹೀಟರ್ ಅಥವಾ ಬೈಪಾಸ್‌ಗೆ ಒಂದು ಬಾಯಿ ಜಾಸ್ತಿ ಇದ್ದರೆ, ಬಳಕೆ ಇಲ್ಲದ ಹೀಟರ್ ಬಾಯಿಗೆ ಪ್ಲಗ್ ಹಾಕಬಹುದು. ಬೈಪಾಸ್ ದಾರಿಯನ್ನು ಮಾತ್ರ ಮುಚ್ಚಬೇಡಿ. ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್ ತೆರೆಯುವ ತನಕ ನೀರು ಎಂಜಿನ್ ಒಳಗೆ ತಿರುಗುವುದು ಆ ದಾರಿಯಲ್ಲೇ.

ಬೋಲ್ಟ್ ಹಳೆಯದೇ ಹಾಕಬಹುದಾ?

ತುಕ್ಕು ತಿಂದು ಸಣ್ಣಗಾಗಿರದಿದ್ದರೆ ಹಾಕಬಹುದು. ಬಿಚ್ಚುವಾಗ ಯಾವ ಬೋಲ್ಟ್ ಯಾವ ತೂತಿನದು ಎಂದು ರಟ್ಟಿನಲ್ಲಿ ಚುಚ್ಚಿ ಇಟ್ಟುಕೊಳ್ಳಿ, ಉದ್ದ ಬೇರೆ ಬೇರೆ ಇರುತ್ತದೆ.

ವಿಲ್ಲೀಸ್ ಮತ್ತು 1489ರ ಅಂಬಾಸಿಡರ್ ಇಂಚಿನ ಲೆಕ್ಕದವು. ಪದ್ಮಿನಿ, ಪೆಜೋ ಮೂಲದ ಎಂಜಿನ್ ಮಿಲಿಮೀಟರ್ ಲೆಕ್ಕದವು. ಐದು-ಹದಿನಾರನೇ ಇಂಚಿನ ಬೋಲ್ಟ್ 7.94 ಮಿಲಿಮೀಟರ್, ಇನ್ನೊಂದು 8 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಥ್ರೆಡ್ ಬೇರೆ. ಎರಡು ಸುತ್ತು ಕೈಯಲ್ಲಿ ಹೋಗಿ ಆಮೇಲೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬ್ಲಾಕ್‌ನ ಥ್ರೆಡ್ ಹೋಗುತ್ತದೆ. ಪಂಪ್ ಮತ್ತೆ ಸಿಗುತ್ತದೆ, ಅಂಥ ಬ್ಲಾಕ್ ಸಿಗುವುದು ಕಷ್ಟ. ನೀರಿನ ಜಾಗಕ್ಕೆ ತೂರುವ ಬೋಲ್ಟ್‌ಗಳ ಥ್ರೆಡ್‌ಗೆ ಸೀಲೆಂಟ್ ಹಚ್ಚಿ.

ನಿಜವಾಗಿ ಪಂಪೇ ಹೋಗಿದೆ ಎಂದು ತಿಳಿಯುವುದು ಹೇಗೆ?

ಎಂಜಿನ್ ತಣ್ಣಗಿರುವಾಗ ಫ್ಯಾನ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಮುಗಿದಿದೆ. ಪಂಪ್ ಬಾಡಿಯ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಬಿಳಿ ಅಥವಾ ತುಕ್ಕಿನ ಬಣ್ಣದ ಕರೆ ಇಳಿದಿದ್ದರೆ, ಒಳಗಿನ ಸೀಲ್ ಸೋರುತ್ತಿದೆ.

ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಸೀಲ್ ದಾಟಿ ಬಂದ ನೀರು ಬೇರಿಂಗ್ ಕಡೆ ಹೋಗದೆ ಹೊರಗೆ ಬೀಳಲಿ ಎಂದೇ ಅದನ್ನು ಕೊಟ್ಟಿದ್ದಾರೆ. ಮುಚ್ಚಿದರೆ ಬೇರಿಂಗ್ ಕೂಡ ಹೋಗುತ್ತದೆ, ಒಂದು ದಿನ ಓಡುವಾಗಲೇ ಹಿಡಿದುಕೊಳ್ಳುತ್ತದೆ.

ಸೋರಿಕೆ ಇಲ್ಲ, ಆಟ ಇಲ್ಲ, ಸದ್ದಿಲ್ಲ, ಆದರೂ ಬಿಸಿಯಾಗುತ್ತಿದೆ ಎಂದರೆ ಪಂಪ್ ಕೊಳ್ಳುವ ಮುಂಚೆ ಬೇರೆಯದನ್ನು ನೋಡಿ. ರೇಡಿಯೇಟರ್‌ನಲ್ಲಿ ಒಂದೇ ಸಮ ಗುಳ್ಳೆ ಬರುತ್ತಿದ್ದರೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಬೇಕು. ಬಿಸಿ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ಯಾವ ಕಾರಣಕ್ಕೂ ತೆಗೆಯಬೇಡಿ.

ಊರೊಳಗೆ ಚೆನ್ನಾಗಿದೆ, ಘಾಟಿ ಹತ್ತುವಾಗ ಮಾತ್ರ ಕುದಿಯುತ್ತದೆ. ಏಕೆ?

ಶಿರಾಡಿ, ಚಾರ್ಮಾಡಿ, ಮುಳ್ಳಯ್ಯನಗಿರಿ ದಾರಿ ಯಾವುದೇ ಆಗಲಿ, ಏರಿನಲ್ಲಿ ಎಂಜಿನ್ ಮೇಲೆ ಹೊರೆ ಪೂರ್ತಿ, ಗಾಡಿಯ ವೇಗ ಕಡಿಮೆ. ರೇಡಿಯೇಟರ್‌ಗೆ ಎದುರು ಗಾಳಿ ಬರುವುದಿಲ್ಲ. ಫ್ಯಾನ್ ಮತ್ತು ಪಂಪ್ ಎರಡೇ ಕಾಯಬೇಕು. ಅವೆರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಆ ಬೆಲ್ಟ್ ಸಡಿಲವಾಗಿದ್ದರೆ ಹೊಸ ಪಂಪ್ ಹಾಕಿಯೂ ಪ್ರಯೋಜನವಿಲ್ಲ.

ನಮ್ಮ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಗಳೂರು ಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಇಲ್ಲಿ ತೆರೆದ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ 94ರ ಆಸುಪಾಸು. ರೇಡಿಯೇಟರ್ ಕ್ಯಾಪ್ ಒಳಗೆ ಒತ್ತಡ ಹಿಡಿದರೆ ನೀರು ಇನ್ನೂ ಹೆಚ್ಚಿನ ಬಿಸಿಗೆ ಕುದಿಯುತ್ತದೆ. ಅದರ ರಬ್ಬರ್ ಹೋಗಿದ್ದರೆ ಮಂಗಳೂರಿನಲ್ಲಿ ಕುದಿಯದ ಎಂಜಿನ್ ಗಿರಿಯ ಮೇಲೆ ಕುದಿಯುತ್ತದೆ. 7 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಸರಿಯಾಗಿ ಹಿಡಿದರೆ ಚಿಕ್ಕಮಗಳೂರಿನಲ್ಲಿ ಬರೀ ನೀರು ಕೂಡ 108 ಡಿಗ್ರಿವರೆಗೆ ತಡೆಯುತ್ತದೆ.

ತೋಟದ ಗಾಡಿಯಲ್ಲಿ ಇನ್ನೊಂದು ಕಾರಣ ಬಹಳ ಕಾಣುತ್ತದೆ. ರೇಡಿಯೇಟರ್‌ನ ಜಾಲರಿಯಲ್ಲಿ ಹುಲ್ಲಿನ ಬೀಜ, ಕೆಂಪು ಧೂಳು, ಸತ್ತ ಹುಳು ಸೇರಿ ಗಟ್ಟಿ ಪದರ ಕಟ್ಟಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರಾಗಿ ಪ್ರೆಶರ್ ಹೊಡೆದರೆ ಹಳೆ ತಗಡು ಮಡಚಿಕೊಳ್ಳುತ್ತದೆ.

ಹಾಗಾದರೆ ಜಾಸ್ತಿ ಪಿಎಸ್‌ಐ ಕ್ಯಾಪ್ ಹಾಕಿಬಿಡಲೇ?

ಬೇಡ. ಹಳೆ ರೇಡಿಯೇಟರ್‌ನ ಬೆಸುಗೆ, ಹೀಟರ್, ಹೋಸ್, ಪಂಪ್ ಸೀಲ್ ಎಲ್ಲ ಕಡಿಮೆ ಒತ್ತಡಕ್ಕೆ ಮಾಡಿದ್ದು. ಗಾಡಿಗೆ ಎಷ್ಟು ಹೇಳಿದೆಯೋ ಅಷ್ಟೇ ಹಾಕಿ, ಆದರೆ ಹೊಸದು ಹಾಕಿ.

ಹೊಸ ಪಂಪ್ ತರಲೇ, ಹಳೆಯದನ್ನೇ ರಿಪೇರಿ ಮಾಡಿಸಲೇ?

ಬಾಡಿ ಗಟ್ಟಿಯಾಗಿದ್ದರೆ ನನ್ನ ಮನಸ್ಸು ರಿಪೇರಿ ಕಡೆಗೇ. ಹಳೆ ಎರಕದ ಬಾಡಿ ನಿಮ್ಮ ಎಂಜಿನ್‌ಗೆ ಕೂತು ಪಳಗಿದ್ದು, ಅದರ ಅಳತೆಯ ಬಗ್ಗೆ ಅನುಮಾನವೇ ಬೇಡ. ಕಿಟ್‌ನಲ್ಲಿ ಶಾಫ್ಟ್ ಸಮೇತ ಬೇರಿಂಗ್, ಸೀಲ್, ಪ್ಯಾಕಿಂಗ್ ಬರುತ್ತವೆ. ಕಿಟ್ ಸಿಗದಿದ್ದರೆ ಬೇರಿಂಗ್ ಮೇಲಿನ ನಂಬರ್ ಓದಿ, ಬೇರಿಂಗ್ ಅಂಗಡಿಯಲ್ಲೇ ಕೇಳಬಹುದು.

ಆದರೆ ಕೆಲಸ ಪ್ರೆಸ್ ಇರುವ ಲೇತ್ ಅಂಗಡಿಯಲ್ಲೇ ಆಗಬೇಕು. ಸುತ್ತಿಗೆಯಲ್ಲಿ ಹೊಡೆದು ಹಬ್ ಕೂರಿಸಿದರೆ ಹೊಸ ಬೇರಿಂಗ್ ಒಳಗೇ ಪೆಟ್ಟು ತಿನ್ನುತ್ತದೆ. ಬಿಚ್ಚುವ ಮುಂಚೆ ಹಬ್ ಮುಖದ ಅಳತೆ, ಇಂಪೆಲ್ಲರ್ ಎಷ್ಟು ಒಳಗಿದೆ ಎಂಬ ಅಳತೆ ಬರೆದು ಲೇತ್ ಅಣ್ಣನ ಕೈಗೆ ಕೊಡಿ. ಸೀಲ್ ಕೂರುವ ಮುಖದಲ್ಲಿ ಗೀರು, ಗುಳಿ ಇದ್ದರೆ ಅದನ್ನು ನುಣ್ಣಗೆ ಮಾಡಿಸಿ, ಇಲ್ಲದಿದ್ದರೆ ಹೊಸ ಸೀಲ್ ಬೇಗನೆ ಸೋರುತ್ತದೆ. ಹೊಸ ಸೀಲಿನ ಉಜ್ಜುವ ಮುಖಕ್ಕೆ ಎಣ್ಣೆ ಕೈ ತಾಗಿಸಬೇಡಿ.

ಬಾಡಿಯಲ್ಲಿ ಬಿರುಕಿದ್ದರೆ, ಬೇರಿಂಗ್ ಕೂರುವ ತೂತು ಸವೆದು ಬೇರಿಂಗ್ ಕೈಯಲ್ಲೇ ಒಳಗೆ ಹೋಗುವಂತಿದ್ದರೆ, ಹೊಸದೇ ತನ್ನಿ.

ಇಂಪೆಲ್ಲರ್ ಪ್ಲಾಸ್ಟಿಕ್ ಇದ್ದರೆ ಪರವಾಗಿಲ್ಲವಾ?

ಎರಕದ್ದು ಸಿಕ್ಕರೆ ಅದೇ ತೆಗೆದುಕೊಳ್ಳಿ. ಒಳ್ಳೆ ತಗಡಿನದೂ ನಡೆಯುತ್ತದೆ. ಪ್ಲಾಸ್ಟಿಕ್ ಚಕ್ರ ಶಾಫ್ಟ್ ಮೇಲೆ ಜಾರಿದರೆ ಪುಲ್ಲಿ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ನಿಂತಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಥರ್ಮೋಸ್ಟಾಟ್ ತೆಗೆದರೆ ತಂಪಾಗಿರುತ್ತದೆ ಅನ್ನುತ್ತಾರಲ್ಲ?

ಡಿಸೆಂಬರ್ ಬೆಳಗಿನ ಚಳಿಯಲ್ಲಿ ಬಾಬಾಬುಡನ್‌ಗಿರಿ ಕಡೆಯ ತೋಟದಿಂದ ಹೊರಟ ಜೀಪು ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಇನ್ನೂ ಜಾಸ್ತಿ. ತಣ್ಣನೆ ಎಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಉರಿಯದೆ ಬೋರ್ ಗೋಡೆಯ ಆಯಿಲ್ ತೊಳೆಯುತ್ತದೆ. ಬೋರ್ ಸವೆಯುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಪಂಪ್ ಬದಲಿಸುವಾಗ ಥರ್ಮೋಸ್ಟಾಟ್ ತೆಗೆದು ಬಿಸಿನೀರಿನ ಪಾತ್ರೆಯಲ್ಲಿ ಹಾಕಿ, ಬಾಯಿ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಹೊಸದು ಹಾಕಿ.

ಬೋರ್‌ವೆಲ್ ನೀರು ಹಾಕಬಹುದಾ?

ದಾರಿಯಲ್ಲಿ ತುರ್ತಿಗೆ ಏನು ಸಿಕ್ಕರೂ ಹಾಕಿ. ದಿನಬಳಕೆಗೆ ಬೇಡ. ಗಡಸು ನೀರಿನ ಸುಣ್ಣ ಬ್ಲಾಕ್ ಒಳಗೆ ಪದರ ಕಟ್ಟುತ್ತದೆ, ಅದರ ಪುಡಿ ಪಂಪ್ ಸೀಲನ್ನು ಉಜ್ಜಿ ತಿನ್ನುತ್ತದೆ. ಬರೀ ನೀರಿನಲ್ಲಿ ಎರಕದ ಕಬ್ಬಿಣ ತುಕ್ಕು ಹಿಡಿಯುತ್ತದೆ, ಅದೂ ಸೀಲಿಗೆ ಶತ್ರು. ಬ್ಯಾಟರಿ ನೀರು ಮತ್ತು ಕೂಲೆಂಟ್ ಅರ್ಧರ್ಧ, ಇಲ್ಲವೇ ನೀರು ಬೆರೆಸಿಯೇ ಬರುವ ಕೂಲೆಂಟ್ ಹಾಕಿ. ತಾಮ್ರ, ಹಿತ್ತಾಳೆ ರೇಡಿಯೇಟರ್‌ಗೆ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದಿರುವುದನ್ನೇ ಆರಿಸಿ. ಬಣ್ಣ ನೋಡಿ ನಂಬಬೇಡಿ, ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಎರಡು ಬಗೆ ಬೆರೆಸುವುದಂತೂ ಬೇಡ. ಕೂಲೆಂಟ್ ಸಿಹಿಯಾಗಿರುತ್ತದೆ ಮತ್ತು ವಿಷ. ಬಿಚ್ಚಿದಾಗ ಬಂದದ್ದನ್ನು ಅಂಗಳದಲ್ಲಿ ಚೆಲ್ಲಬೇಡಿ, ನಾಯಿ, ದನ ನೆಕ್ಕುತ್ತವೆ.

ನನ್ನ ಪಂಪಿನಲ್ಲಿ ಗ್ರೀಸ್ ನಿಪ್ಪಲ್ ಇದೆ. ಹೊಸದರಲ್ಲಿ ಇಲ್ಲ. ತಪ್ಪು ಪಂಪಾ?

ಅಲ್ಲ. ಹಳೆಯ ಕೆಲವು ಪಂಪ್‌ಗಳಿಗೆ ಹೊರಗಿನಿಂದ ಗ್ರೀಸ್ ಕೊಡಬೇಕಿತ್ತು. ಆಮೇಲೆ ಗ್ರೀಸ್ ತುಂಬಿ ಮುಚ್ಚಿದ ಬೇರಿಂಗ್ ಬಂತು. ನಿಪ್ಪಲ್ ಇರುವುದನ್ನೇ ಉಳಿಸಿಕೊಂಡರೆ ಗನ್‌ನಲ್ಲಿ ಒತ್ತಿ ತುಂಬಬೇಡಿ, ಜಾಸ್ತಿ ಗ್ರೀಸ್ ಸೀಲ್ ಕಡೆ ನುಗ್ಗುತ್ತದೆ.

ಪ್ಯಾಕಿಂಗ್‌ಗೆ ಶೆಲಾಕ್ ಸಾಕಾ, ಸಿಲಿಕಾನ್ ಬೇಕಾ?

ಮುಖ ಚೊಕ್ಕವಾಗಿದ್ದರೆ ಪೇಪರ್ ಪ್ಯಾಕಿಂಗ್‌ನ ಎರಡೂ ಕಡೆ ತೆಳ್ಳಗೆ ಯಾವುದನ್ನಾದರೂ ಹಚ್ಚಿ. ಸಿಲಿಕಾನ್ ದಪ್ಪ ಹಚ್ಚಿದರೆ ಒಳಗೆ ಉಬ್ಬಿದ ಚೂರು ಕಿತ್ತುಕೊಂಡು ರೇಡಿಯೇಟರ್ ಕೊಳವೆಗೆ ಸಿಕ್ಕಿಕೊಳ್ಳುತ್ತದೆ. ಪ್ಯಾಕಿಂಗ್‌ನ ದಪ್ಪ ಮೂಲದಷ್ಟೇ ಇರಲಿ, ಇಂಪೆಲ್ಲರ್ ಸಂದಿ ಅದರ ಮೇಲೂ ನಿಂತಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಫೋನ್ ಮೇಲೆ ತರಿಸುತ್ತೇನೆ. ಏನು ಹೇಳಲಿ?

ಗಾಡಿ ಹೆಸರಿಗಿಂತ ಮೊದಲು ಎಂಜಿನ್ ಹೆಸರು, ಸಿಸಿ, ಪೆಟ್ರೋಲೋ ಡೀಸೆಲೋ ಹೇಳಿ. ಹಳೆ ಪಂಪಿನ ಮುಂದೆ, ಹಿಂದೆ, ಪಕ್ಕದ ಫೋಟೋ ಸ್ಕೇಲ್ ಇಟ್ಟು ತೆಗೆದು ವಾಟ್ಸ್ಆ್ಯಪ್ ಮಾಡಿ. ಅವರ ಹತ್ತಿರ ಇರುವುದನ್ನೂ ಹಾಗೇ ಫೋಟೋ ತೆಗೆದು ಕಳಿಸಲು ಕೇಳಿ. ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ದುಡ್ಡು ಹಾಕುವ ಮುಂಚೆಯೇ ಕೇಳಿ. ಬಂದ ಮೇಲೆ ಸೀಲೆಂಟ್ ಹಚ್ಚದೆ ಒಮ್ಮೆ ಕೂರಿಸಿ ನೋಡಿ. ಅಂಟು ಹತ್ತಿದ ಪಂಪನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಎಲೆಕ್ಟ್ರಿಕ್ ಪಂಪ್ ಹಾಕಿದರೆ?

ಹಳೆ ಡೈನಮೋ ಇರುವ ಗಾಡಿಗೆ ಬೇಡ. ಐಡಲಿಂಗ್‌ನಲ್ಲಿ ಅದು ಕೊಡುವ ಕರೆಂಟ್ ಕಡಿಮೆ, ಮಳೆಗಾಲದ ರಾತ್ರಿ ಲೈಟು, ವೈಪರ್ ಜೊತೆಗೆ ಇದೂ ಸೇರಿದರೆ ಬ್ಯಾಟರಿ ತಾಳುವುದಿಲ್ಲ.

ಹೊಸ ಪಂಪ್ ಹಾಕಿಯಾಯಿತು. ಮೊದಲ ದಿನ ಏನು ಗಮನಿಸಬೇಕು?

ಬೆಲ್ಟ್ ಹಾಕುವ ಮುಂಚೆ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಎಲ್ಲೂ ಹಿಡಿಯಬಾರದು, ಉಜ್ಜುವ ಸದ್ದು ಬರಬಾರದು. ಫ್ಯಾನ್ ರೆಕ್ಕೆ ಬಾಗಿದ್ದರೆ ಈಗಲೇ ಸರಿಮಾಡಿಸಿ, ಬಾಗಿದ ಫ್ಯಾನ್ ಹೊಸ ಬೇರಿಂಗನ್ನೂ ಬೇಗ ಮುಗಿಸುತ್ತದೆ. ಬೆಲ್ಟನ್ನು ತೀರಾ ಬಿಗಿ ಮಾಡುವುದೂ ಅಷ್ಟೇ ಕೆಟ್ಟದ್ದು. ಎಷ್ಟು ಸಡಿಲ ಇರಬೇಕು ಎಂಬುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ, ಅದನ್ನೇ ಅನುಸರಿಸಿ.

ಗಾಡಿಯ ಮೂತಿಯನ್ನು ಏರಿನ ಕಡೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನಿಧಾನಕ್ಕೆ ಕೂಲೆಂಟ್ ತುಂಬಿ. ಒಳಗಿನ ಗಾಳಿ ಮೇಲಕ್ಕೆ ಬರುತ್ತದೆ. ಹೀಟರ್ ಇದ್ದರೆ ಅದರ ವಾಲ್ವ್ ತೆರೆದಿರಲಿ. ಊರೊಳಗೆ ಒಂದು ಸುತ್ತು ಹೋಗಿ ಬಂದು ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ, ಇಳಿದಿದ್ದಷ್ಟು ತುಂಬಿ. ಹೋಸ್ ಕ್ಲಿಪ್ಪುಗಳನ್ನೂ ಆಗಲೇ ಇನ್ನೊಮ್ಮೆ ಬಿಗಿ ಮಾಡಿ. ಕೆಳಗಿನ ತೂತಿನಿಂದ ಮೊದಲ ಸಲ ಒಂದೆರಡು ಹನಿ ಬಂದರೆ ಹೆದರಬೇಕಿಲ್ಲ, ಹೊಸ ಸೀಲ್ ಕೂರುವಾಗ ಹಾಗಾಗುತ್ತದೆ. ಮರುದಿನವೂ ತೊಟ್ಟಿಕ್ಕುತ್ತಿದ್ದರೆ ಬಿಚ್ಚಲೇಬೇಕು. ಅದು ನಿಲ್ಲುವ ತನಕ ಘಾಟಿಗೆ ಹೋಗಬೇಡಿ.

ಹಳೆ ಪಂಪನ್ನು ಗುಜರಿಗೆ ಹಾಕಲೇ?

ಬಾಡಿ ಒಡೆದಿರದಿದ್ದರೆ ಹಾಕಬೇಡಿ. ಒಳಗಿನ ನೀರು ಒಣಗಿಸಿ, ಆಯಿಲ್ ಸವರಿ, ಎಂಜಿನ್ ಹೆಸರು ಮತ್ತು ಅಳತೆ ಬರೆದ ಚೀಟಿ ಕಟ್ಟಿ ಶೆಡ್‌ನಲ್ಲಿ ಇಡಿ. ಮುಂದಿನ ಸಲ ಕಿಟ್ ಹಾಕಿಸಲು ಬಾಡಿ ಸಿದ್ಧ ಇರುತ್ತದೆ, ಗಾಡಿ ಒಂದು ದಿನವೂ ನಿಲ್ಲುವುದಿಲ್ಲ. ಪಕ್ಕದ ತೋಟದವರ ಜೀಪಿಗೂ ಬೇಕಾಗಬಹುದು.